ಅಮೋನಿಯಾ: ಗಡ್ಡೆಗೆ ಗೊಬ್ಬರ, ಕಾವಲು ಕೋಶಕ್ಕೆ ವಿಷ

ವಿಜಯನಗರ ಕಾಲದ ಕಾಲುವೆಗಳ ನೀರನ್ನು ಇಂದಿಗೂ ಉಣ್ಣುತ್ತಿರುವ ಮಲಪನಗುಡಿ, ಕಂಪ್ಲಿ ಭಾಗದ ಕಬ್ಬು, ಬಾಳೆ, ಭತ್ತಗಳಿಗೆ ರೈತರು ಹಾಕುವ ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದ್ದು, ಮಣ್ಣಿನಲ್ಲಿರುವ ‘ಯೂರಿಯೇಸ್’ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡಿದ ಮೇಲೆಯೇ ಅದರ ಬಹುಪಾಲು ಬೆಳೆಗೆ ದಕ್ಕುತ್ತದೆ. ಮನುಷ್ಯನ ಯಕೃತ್ತು ಮಾಡುವುದು ಇದರ ತಿರುವುಮುರುವು ಕೆಲಸ: ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳು ಒಡೆದಾಗ ಹುಟ್ಟುವ ಅಮೋನಿಯಾ ಮಿದುಳಿಗೆ ವಿಷವಾದ್ದರಿಂದ, ಯಕೃತ್ತು ಅದನ್ನು ಯೂರಿಯಾ ಆಗಿ ಕಟ್ಟಿ ಮೂತ್ರದ ದಾರಿಗೆ ಹಚ್ಚುತ್ತದೆ. ಯೂರಿಯಾ ಚಕ್ರವೆನ್ನುವ ಈ ಕ್ರಮವನ್ನು 1932ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್ ಬಿಡಿಸಿ ತೋರಿಸಿದರು.

ಕ್ಯಾನ್ಸರ್ ಗಡ್ಡೆಯೊಳಗೆ ಈ ಲೆಕ್ಕ ತಪ್ಪುತ್ತದೆ. ಬೇಗಬೇಗನೆ ಹೆಚ್ಚುವ ಅಲ್ಲಿನ ಜೀವಕೋಶಗಳು ಗ್ಲುಟಮಿನ್ ಎಂಬ ಅಮೈನೊ ಆಮ್ಲವನ್ನು ವಿಪರೀತ ಬಳಸುವುದರಿಂದ ಅಮೋನಿಯಾ ಹೇರಳವಾಗಿ ಉಳಿಯುತ್ತದೆ. ಗಡ್ಡೆಯ ರಕ್ತನಾಳಗಳೋ ಅಂಕುಡೊಂಕಾಗಿದ್ದು ಸರಿಯಾಗಿ ಹರಿಯದ ಕಾರಣ ಅದು ಅಲ್ಲಿಯೇ ಮಡುಗಟ್ಟುತ್ತದೆ. ಬಹುಕಾಲ ಕಸವೆಂದೇ ಎಣಿಸಿದ್ದ ಇದನ್ನು ಸ್ತನ ಕ್ಯಾನ್ಸರಿನ ಕೋಶಗಳು ಮತ್ತೆ ಅಮೈನೊ ಆಮ್ಲಗಳಾಗಿ ಕಟ್ಟಿಕೊಳ್ಳುತ್ತವೆಂದು ಹಾರ್ವರ್ಡಿನ ಮಾರ್ಸಿಯಾ ಹೈಗಿಸ್ ಅವರ ತಂಡ 2017ರಲ್ಲಿ ತೋರಿಸಿತು. ಗೊಬ್ಬರ ಕಳೆಯ ಪಾಲಾಗುವುದು ರೈತರಿಗೆ ಹೊಸದಲ್ಲ, ಆದರೆ ಇಲ್ಲಿ ಗೊಬ್ಬರ ತಯಾರಿಸುವುದೂ ಕಳೆಯೇ.

ಇದಕ್ಕಿಂತ ಕಳವಳದ ಸಂಗತಿಯೆಂದರೆ, ದೇಹದ ಕಾವಲು ಪಡೆಯಾದ ಟಿ ಕೋಶಗಳು ಇದೇ ಮಡುವಿನಲ್ಲಿ ನಿಂತು ಹೋರಾಡಬೇಕಾಗಿರುವುದು. ದೊಡ್ಡಕರುಳಿನ ಕ್ಯಾನ್ಸರ್ ಇರುವ ಇಲಿಗಳಲ್ಲಿ ಅಮೋನಿಯಾ ಸೇರಿಕೊಂಡು ಟಿ ಕೋಶಗಳನ್ನು ಕಸುವುಗೆಡಿಸುತ್ತದೆಂದೂ, ಅದನ್ನು ತಗ್ಗಿಸಿದಾಗ ಅವು ಚೇತರಿಸಿಕೊಂಡು ಪ್ರತಿರಕ್ಷಾ ಚಿಕಿತ್ಸೆಯೂ ಹೆಚ್ಚು ಫಲ ಕೊಡುತ್ತದೆಂದೂ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ಮರುವರ್ಷ ಚೀನಾದ ವಿಜ್ಞಾನಿಗಳು ಕಂಡದ್ದು ಇನ್ನೂ ವಿಚಿತ್ರ: ಹೋರಾಡುವ ಟಿ ಕೋಶ ತಾನೂ ಗ್ಲುಟಮಿನ್ ಉರಿಸಿ, ಹುಟ್ಟಿದ ಅಮೋನಿಯಾವನ್ನು ಲೈಸೊಸೋಮ್ ಎಂಬ ಒಳಚೀಲದಲ್ಲಿ ತುಂಬಿಡುತ್ತದೆ, ಚೀಲ ತಡೆಯಲಾರದಾದಾಗ ಅದು ಹಿಂದಕ್ಕೆ ಹರಿದು ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳನ್ನು ಕೆಡಿಸಿ ಕೋಶವನ್ನೇ ಕೊಲ್ಲುತ್ತದೆ.

ಚಿಕಿತ್ಸೆಯಿಂದಲೂ ಅಮೋನಿಯಾ ಹೆಚ್ಚುವುದುಂಟು. ಮಕ್ಕಳ ರಕ್ತದ ಕ್ಯಾನ್ಸರಿಗೆ ದಶಕಗಳಿಂದ ಕೊಡುತ್ತಿರುವ ಆಸ್ಪರಾಜಿನೇಸ್ ಔಷಧಿ ರಕ್ತದಲ್ಲಿನ ಆಸ್ಪರಾಜಿನ್ ಅನ್ನು ಒಡೆದು ಕ್ಯಾನ್ಸರ್ ಕೋಶಗಳನ್ನು ಉಪವಾಸ ಕೆಡವುವಾಗ ಅಮೋನಿಯಾ ಬಿಡುಗಡೆಯಾಗುವುದರಿಂದ, ಮಗುವಿಗೆ ವಿಪರೀತ ಮಂಪರು, ಗೊಂದಲ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಇಲಿಗಳಲ್ಲಿ ಕಂಡದ್ದು ಇನ್ನೂ ಮನುಷ್ಯರ ಚಿಕಿತ್ಸೆಯಾಗಿಲ್ಲ. ಹೊಸಪೇಟೆ, ಸಂಡೂರಿನಿಂದ ರಾತ್ರಿ ಪ್ರಯಾಣ ಮಾಡಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ಕುಟುಂಬಗಳು ಅಮೋನಿಯಾದ ಹೆಸರಿಗೆ ಹೆದರಿ, ವೈದ್ಯರನ್ನು ಕೇಳದೆ, ರೋಗಿಯ ತಟ್ಟೆಯಿಂದ ಬೇಳೆ, ಹಾಲು, ಮೊಟ್ಟೆಗಳನ್ನು ತೆಗೆಯಬಾರದು.