ನೆರಳಿಗೂ ಬಣ್ಣವಿದೆ

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಚೇವೆಳ್ಳದ ಬಸ್ ಹತ್ತಿ. ಸಿಟಿಯ ಗದ್ದಲ ಹಿಂದೆ ಬಿದ್ದ ಮೇಲೆ, ವಿಜಯಪುರದ ದಿಕ್ಕಿಗೆ ಸಾಗುವ ಈ ಹಳೇ ರಸ್ತೆಯ ಬದಿಯಲ್ಲಿ ದೊಡ್ಡ ದೊಡ್ಡ ಆಲದ ಮರಗಳು, ಅವುಗಳಾಚೆ ಹೊಲಗಳು. ಈ ಬೆಳಕನ್ನು ಜಲವರ್ಣದಲ್ಲಿ ಹಿಡಿಯೋದು ಹೇಗೆ? ರುಮಾಲೆ ಚೆನ್ನಬಸವಯ್ಯನವರ ಚಿತ್ರಗಳನ್ನು ನೋಡಿ.

1910ರಲ್ಲಿ ಹುಟ್ಟಿದ ರುಮಾಲೆ ದೊಡ್ಡಬಳ್ಳಾಪುರದವರು. ಸ್ವಾತಂತ್ರ್ಯ ಹೋರಾಟಗಾರ, ‘ತಾಯಿನಾಡು’ ಪತ್ರಿಕೆಯ ಸಂಪಾದಕ, ವಿಧಾನ ಪರಿಷತ್ ಸದಸ್ಯ. ಆಮೇಲೆ ಅದೆಲ್ಲ ಬಿಟ್ಟು ಪೂರ್ತಿಯಾಗಿ ಕುಂಚಕ್ಕೆ ಮರಳಿದರು. 1988ರಲ್ಲಿ ತೀರಿಕೊಂಡರು. ಅವರ ಬೆಂಗಳೂರು ಅಂದರೆ ಹೂಬಿಟ್ಟ ಮರಗಳ ಬೆಂಗಳೂರು: ಗುಲ್‌ಮೊಹರ್, ಜಕರಂಡ, ಕೆರೆ, ತೋಟ.

ಹತ್ತಿರದಿಂದ ನೋಡಿದರೆ ಆ ಚಿತ್ರಗಳಲ್ಲಿ ಎಲೆ ಕಾಣಲ್ಲ. ಬರೀ ಪುಟ್ಟ ಪುಟ್ಟ ಬಣ್ಣದ ಗೆರೆಗಳು, ಚುಕ್ಕೆಗಳು. ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಮರ ಎದ್ದು ನಿಲ್ಲುತ್ತೆ! 1874ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಮಾಡಿದ ಇಂಪ್ರೆಷನಿಸ್ಟರು ನಂಬಿದ್ದೂ ಇದನ್ನೇ. ಬಣ್ಣಗಳು ಬೆರೆಯಬೇಕಾದದ್ದು ನೋಡುವವರ ಕಣ್ಣಲ್ಲಿ.

ಆದರೆ ಇಂಪ್ರೆಷನಿಸ್ಟರು ಹೆಚ್ಚಾಗಿ ಬಳಸಿದ್ದು ತೈಲವರ್ಣ. ಅಲ್ಲಿ ತಪ್ಪಿದರೆ ಮೇಲೆ ಮತ್ತೆ ಬಳಿಯಬಹುದು. ಪಾರದರ್ಶಕ ಜಲವರ್ಣದಲ್ಲಿ ಬಿಸಿಲು ಅಂದರೆ ಬಣ್ಣ ಹಚ್ಚದೆ ಉಳಿಸಿದ ಬಿಳಿ ಕಾಗದ. ಅದನ್ನು ಮೊದಲೇ ಕಾಯ್ದುಕೊಳ್ಳಬೇಕು. ಒದ್ದೆ ಕಾಗದದ ಮೇಲೆ ಬಣ್ಣ ತಾನೇ ಹರಡಿ ದೂರದ ಹೊಲ ಮಸುಕಾಗುತ್ತೆ, ಒಣಗಿದ ಮೇಲಿನ ಗೆರೆ ಹತ್ತಿರದ ಬದುವಾಗುತ್ತೆ. ನನಗೆ ಇದೇ ಹೆಚ್ಚು ಧೈರ್ಯದ ಕೆಲಸ ಅನ್ನಿಸುತ್ತೆ.

ಚೇವೆಳ್ಳ ರಸ್ತೆಗೆ ಸಂಜೆ ನಾಲ್ಕರ ಹೊತ್ತಿಗೆ ಹೋಗಿ. ಆಲದ ನೆರಳನ್ನು ಗಮನಿಸಿ: ನೀಲಿ, ನೇರಳೆ, ಅಂಚಲ್ಲಿ ಕೆಮ್ಮಣ್ಣಿನ ಛಾಯೆ. ಕಪ್ಪು ಟ್ಯೂಬ್ ಮನೆಯಲ್ಲೇ ಬಿಟ್ಟು ಬನ್ನಿ.