ಜೋಳದ ಕಾಳಿನಿಂದ ‘ಅ’ ಮೂಡಿಸುವ ಹಲಗೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಅಸಂಗಿ ಎಂಬ ಊರಿದೆ. ಹೆಸರು ನಮ್ಮ ಓದುಗರಲ್ಲಿ ಅನೇಕರಿಗೆ ಹೊಸದಾದೀತು. ಸ್ಥಿತಿ ಮಾತ್ರ ಪರಿಚಿತವೇ. ಆ ಸೀಮೆಯ ಗಡಿಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಕನ್ನಡ ಶಾಲೆಗಳೇನೋ ಇವೆ. ಆದರೆ ಮಕ್ಕಳು ಬಿಟ್ಟಕಣ್ಣು ಬಿಟ್ಟಂತೆ ನೋಡುವ ಬೊಂಬೆಚಿತ್ರಗಳಲ್ಲಿ ಕನ್ನಡ ಎಷ್ಟು? ಕಾಸರಗೋಡಿನ ನಾವೂ ಕೇಳಿಕೊಳ್ಳುವ ಪ್ರಶ್ನೆಯೇ ಇದು. ಯಾರಾದರೂ ಮಾಡಿಕೊಟ್ಟಾರೆಂದು ಕಾಯುವುದಕ್ಕಿಂತ ಶಾಲೆಯಲ್ಲೇ ಮಾಡಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ವಿದ್ಯೆ ಸರಳ. ವಸ್ತುವನ್ನು ತುಸು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು. ಸೆಕೆಂಡಿಗೆ 12ರಂತೆ ಓಡಿಸಿದರೆ ಜಡವಸ್ತು ನಡೆದಾಡುತ್ತದೆ. ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಕುಂಡದಲ್ಲಿ ಬಟಾಣಿ ಬಿತ್ತಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ತಿಂಗಳಿಗೂ ಮಿಕ್ಕಿ ಅದರ ಬೆಳವಣಿಗೆಯನ್ನು ಹೀಗೆಯೇ ಹಿಡಿದರು. ಸಿಕ್ಕಿದ್ದು ನಿಮಿಷಕ್ಕೆ ತುಸು ಮೀರಿದ ಚಿತ್ರ. ಅದನ್ನು ತೋರಿಸಿಯೇ ಅವರು ಹಣ ಹೊಂದಿಸಿದರು. 1913ರ ‘ರಾಜಾ ಹರಿಶ್ಚಂದ್ರ’ದ ಬೆನ್ನಿಗೆ ನಿಂತದ್ದು ಒಂದು ಬಟಾಣಿ ಗಿಡ! 1915ರಲ್ಲಿ ಬೆಂಕಿಕಡ್ಡಿಗಳನ್ನೂ ಕುಣಿಸಿದರು.

ಇಂದು ಕ್ಯಾಮೆರಾ ಮೇಷ್ಟರ ಜೇಬಿನಲ್ಲೇ ಇದೆ. ಇಲ್ಲದ್ದು, ಅದು ಅಲುಗದೆ ಕೂರುವ ಜಾಗ. ಅಂಗಡಿಯ ಸ್ಟ್ಯಾಂಡು ಬೇಡ. ಒಂದೂವರೆ ಅಡಿ ಎತ್ತರದ ಎರಡು ಮರದ ಕಾಲು, ಅವುಗಳ ಮೇಲೆ ಎರಡೂವರೆ ಅಡಿಯ ಅಡ್ಡಹಲಗೆ. ಕಾಲು ಹತ್ತಿರವಾದರೆ ಚಿತ್ರದೊಳಗೆ ಬಂದುಬಿಡುತ್ತವೆ. ಹಲಗೆಯ ನಡುವೆ ತೂತು ಕೊರೆದು, ಫೋನನ್ನು ಅಂಗಾತ ಮಲಗಿಸಿದರೆ ಅದರ ಕಣ್ಣು ಕೆಳಗೆ ನೋಡುತ್ತದೆ. ಬರಿಯ ಮೊಳೆಯನ್ನು ನಂಬಬಾರದು; ಕಾಲೂ ಹಲಗೆಯೂ ಕೂಡುವಲ್ಲಿ ಓರೆಪಟ್ಟಿ ಬಡಿಯದಿದ್ದರೆ ಸ್ಟ್ಯಾಂಡು ತೂಗಾಡುವುದು ಖಂಡಿತ. ಕಾಲುಗಳನ್ನು ಅಗಲವಾದ ಅಡಿಹಲಗೆಗೆ ಬಿಗಿದು, ಅದರ ಎರಡು ತುದಿಗೂ ಕಲ್ಲು ಹೇರಬೇಕು. ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಗುಜರಿ ಮರ ಸಿಕ್ಕಿದರೆ ಖರ್ಚು ಮೊಳೆಯದ್ದಷ್ಟೇ.

ಬೆರಳು ಸೋಕಿದರೂ ಫೋನು ಕದಲುತ್ತದೆ. ಆದ್ದರಿಂದ ಟೈಮರ್ ಇಟ್ಟು ಕೈ ಹಿಂತೆಗೆಯಬೇಕು. ಬಿಸಿಲು ಜಾರುತ್ತಾ ಹೋಗುವುದರಿಂದ ಚಿತ್ರ ಮಿನುಗುತ್ತದೆ. ಕಿಟಕಿ ಮುಚ್ಚಿ ಒಂದೇ ದೀಪ ಇಡುವುದು ಉತ್ತಮ. ನಡುವೆ ಕರೆಂಟು ಹೋದರೆ ಸುಮ್ಮನೆ ಕಾಯಬೇಕು, ಏನನ್ನೂ ಮುಟ್ಟಬಾರದು.

ಜತ್ತದ ಕಡೆ ಜೋಳಕ್ಕೆ ಬರವಿಲ್ಲ. ಕಪ್ಪು ಬಟ್ಟೆಯ ಮೇಲೆ 60 ಕಾಳುಗಳಿಂದ ‘ಅ’ ಬರೆಯಿರಿ. ಒಂದೊಂದೇ ಕಾಳು ತೆಗೆಯುತ್ತಾ ಚಿತ್ರ ಹಿಡಿದು, ಕೊನೆಗೆ ಹಿಂದುಮುಂದಾಗಿ ಓಡಿಸಿ. ಬರಿಯ ಬಟ್ಟೆಯ ಮೇಲೆ ಐದು ಸೆಕೆಂಡಿನಲ್ಲಿ ಅಕ್ಷರ ತಾನಾಗಿ ಮೂಡುತ್ತದೆ. ವರ್ಣಮಾಲೆಯ 49 ಅಕ್ಷರಕ್ಕೆ ಚಿತ್ರಗಳು ಸುಮಾರು 3,000, ಓಡುವ ಹೊತ್ತು ನಾಲ್ಕು ನಿಮಿಷ. ಮಗುವಿಗೊಂದು ಅಕ್ಷರದಂತೆ ಹಂಚಿಕೊಟ್ಟರೆ ಯಾರಿಗೂ ಭಾರವಾಗದು.