ಸೆಕೆಂಡಿಗೆ ಒಂದೂವರೆ ಟನ್

ಪಣಂಬೂರಿನ ನವಮಂಗಳೂರು ಬಂದರು ಶುರುವಾದ 1974-75ರಲ್ಲಿ ಅಲ್ಲಿ ಇಳಿದ, ಏರಿದ ಸರಕೆಲ್ಲ ಸೇರಿ 1 ಲಕ್ಷ ಟನ್ನಿಗೂ ಕಡಿಮೆ. ಈಗ ಅಷ್ಟನ್ನು ಸಾಗಿಸಲು ಅದಕ್ಕೆ ಪೂರ್ತಿ ಒಂದು ದಿನವೂ ಬೇಡ. ಈಚಿನ ವರ್ಷಗಳ ವಹಿವಾಟು ಸುಮಾರು 4.6 ಕೋಟಿ ಟನ್. ವರ್ಷಕ್ಕೆ 3.15 ಕೋಟಿ ಸೆಕೆಂಡು; ಭಾಗಿಸಿದರೆ ಸೆಕೆಂಡಿಗೆ ಒಂದೂವರೆ ಟನ್ನಿನ ಹತ್ತಿರ. 2011ರ ಜನಗಣತಿಯಂತೆ ಮಂಗಳೂರು ನಗರದ ಜನಸಂಖ್ಯೆ 5 ಲಕ್ಷದ ಆಸುಪಾಸು. ಬಂದರಿನ ಸರಕನ್ನು ಇವರಿಗೆಲ್ಲ ಹಂಚಿದರೆ ತಲೆಗೆ ದಿನಕ್ಕೆ ಎರಡೂವರೆ ಕ್ವಿಂಟಲ್, ತೊಟ್ಟಿಲ ಕೂಸಿನ ಪಾಲೂ ಸೇರಿ!

ಊರು ಹಡಗು ಕಂಡದ್ದು ನಿನ್ನೆ ಮೊನ್ನೆಯಲ್ಲ. 12ನೇ ಶತಮಾನದಲ್ಲಿ ಟ್ಯುನೀಶಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ವರ್ಷಗಟ್ಟಲೆ ಇಲ್ಲೇ ನೆಲೆಸಿ ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದವನು ಬೊಮ್ಮ. ಕೈರೋದ ಸಿನಗಾಗಿನ ಹಳೆ ಕಾಗದದ ರಾಶಿಯಲ್ಲಿ ಅವರ ಪತ್ರಗಳು ಸಿಗದಿದ್ದರೆ ಇಬ್ಬರ ಸುದ್ದಿಯೂ ನಮಗೆ ತಿಳಿಯುತ್ತಿರಲಿಲ್ಲ. 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ, ಇಲ್ಲಿ 4 ಸಾವಿರದಷ್ಟು ಮುಸ್ಲಿಮರಿದ್ದರೆಂದು ಬರೆದ.

ಆ ಹಳೆ ಬಂದರನ್ನು ಕೊಟ್ಟದ್ದು ನೇತ್ರಾವತಿ ಮತ್ತು ಗುರುಪುರ ಹೊಳೆ. ಎರಡೂ ಸೇರಿ ಕಡಲಿಗಿಳಿಯುವ ಅಳಿವೆ ಬಾಗಿಲು ಊರಿನ ಹೆಬ್ಬಾಗಿಲು. ಅದನ್ನು ಮತ್ತೆಮತ್ತೆ ಮುಚ್ಚುತ್ತ ಬಂದದ್ದೂ ಅವೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಿದು. ಘಟ್ಟದಿಂದ ಹರಿದುಬರುವ ಮರಳು ಅಳಿವೆಯಲ್ಲಿ ದಿಬ್ಬ ಕಟ್ಟುತ್ತದೆ. ಹಾಗಾಗಿ ದೊಡ್ಡ ಹಡಗುಗಳು ಕಡಲಲ್ಲೇ ದೂರ ಲಂಗರು ಹಾಕಬೇಕಿತ್ತು, ದಕ್ಕೆಯಿಂದ ದೋಣಿ ಹೋಗಬೇಕಿತ್ತು. ಮಳೆಗಾಲದಲ್ಲಿ ಅದೂ ಇರಲಿಲ್ಲ.

ಇಷ್ಟು ಕಿರಿದಾದ ಬಾಗಿಲಿನಿಂದಲೇ ಮಂಗಳೂರು ಹಂಚು ಹೊರಗೆ ಹೋಯಿತು ಎಂಬುದು ನನಗೆ ಈಗಿನ ಕೋಟಿಗಳಿಗಿಂತ ದೊಡ್ಡ ಅಚ್ಚರಿ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆಯಿತು. ಒಂದು ಹಂಚಿನ ತೂಕ ಎರಡು ಕಿಲೋ ಮೀರುತ್ತದೆ. ಚದರ ಮೀಟರಿಗೆ ಹೆಚ್ಚುಕಡಿಮೆ 15 ಹಂಚು. ಸಾವಿರ ಚದರಡಿ ಮಾಡಿಗೆ ಸುಮಾರು 1,400 ಹಂಚು, ಮೂರು ಟನ್ ಭಾರ. ಇಂಥ ಮಾಡುಗಳು ಏಡನ್ನಿಗೆ, ಪೂರ್ವ ಆಫ್ರಿಕಕ್ಕೆ ಹೊರಟವು. ಒಂದೊಂದು ಹಂಚೂ ಆಳುಗಳ ಕೈದಾಟಿ ದೋಣಿಗೇರಬೇಕಿತ್ತು, ಅದೂ ಒಡೆಯದ ಹಾಗೆ. 1901ರಲ್ಲಿ ಈ ಊರಿನ ಜನಸಂಖ್ಯೆ ಬರೀ 44 ಸಾವಿರ. ಮದರಾಸಿನ ರೈಲು ಬಂದದ್ದು 1907ರಲ್ಲಿ. ಹಾಸನದ ಮೇಲೆ ಬೆಂಗಳೂರಿಗೆ ರೈಲು ಸಂಪರ್ಕ ಸಿಗಲು ಮತ್ತೆ 72 ವರ್ಷ ಹಿಡಿಯಿತು. ಘಟ್ಟ ಹತ್ತುವುದಕ್ಕಿಂತ ಕಡಲು ದಾಟುವುದೇ ಈ ಊರಿಗೆ ಸಲೀಸಾಗಿತ್ತು.

ಕೊನೆಗೆ ಕಂಡುಕೊಂಡ ಉಪಾಯ, ಹೊಳೆಯನ್ನೇ ಬಿಡುವುದು. ಹಳೆ ಬಂದರಿನ ಉತ್ತರಕ್ಕೆ ಪಣಂಬೂರಿನ ಮರಳು ನೆಲವನ್ನು ಅಗೆದು ಕಡಲನ್ನೇ ಒಳಗೆ ಕರೆದರು. 1974ರಲ್ಲಿ ಅದು ದೇಶದ 9ನೆಯ ಪ್ರಮುಖ ಬಂದರೆನಿಸಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರೇ ಅದರ ದೊಡ್ಡ ಆಸೆ. ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಗಣಿ. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಇಳಿಜಾರಿನ ಬಲದಿಂದಲೇ ಬಂದರಿಗೆ ಹರಿಸುವ ಏರ್ಪಾಡು. ಹಣ ಹಾಕಿ ಅದಿರು ಕೊಳ್ಳಬೇಕಿದ್ದದ್ದು ಇರಾನ್. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ಪದಚ್ಯುತನಾದ, ಗಿರಾಕಿ ಕೈಬಿಟ್ಟ. ಬೇರೆ ಗಿರಾಕಿಗಳನ್ನು ಹುಡುಕಿ ನಡೆಸಿದ ಗಣಿಯೂ 2005ರ ಕೊನೆಗೆ ಮುಚ್ಚಿತು.

ಅದಿರು ಹೋದರೂ ಬಂದರು ಸೊರಗಲಿಲ್ಲ, ಎಣ್ಣೆ ಬಂದಿತ್ತು. ಎಂಆರ್‌ಪಿಎಲ್ ಸಂಸ್ಕರಣಾಗಾರದ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ. ಅದಲ್ಲದೆ ದೇಶದ ಆಪತ್ಕಾಲಕ್ಕೆಂದು ಇಲ್ಲಿಯ ಬಂಡೆಯೊಳಗೆ ಕೊರೆದ ಗುಹೆಗಳಲ್ಲಿ 15 ಲಕ್ಷ ಟನ್ ತೈಲ ಹಿಡಿಯುತ್ತದೆ. ಅದನ್ನೆಲ್ಲ 20 ಟನ್ನಿನ ಟ್ಯಾಂಕರುಗಳಿಗೆ ತುಂಬಿದರೆ 75 ಸಾವಿರ ಟ್ಯಾಂಕರು ಬೇಕು. ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ ಸಾಲು ಬೆಂಗಳೂರಿಗೆ ಹೋಗಿ ಮಂಗಳೂರಿಗೆ ತಿರುಗಿ ಬರುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಂದರಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಈಗ ತೈಲ, ತೈಲೋತ್ಪನ್ನ ಮತ್ತು ಅನಿಲದ್ದೇ. ಕೊಲ್ಲಿಯಲ್ಲಿ ಯುದ್ಧವಾದರೆ, ಬೆಲೆ ಕುಸಿದರೆ, ಪಣಂಬೂರಿನ ಲೆಕ್ಕವೂ ಅಲುಗುತ್ತದೆ. ಇರಾನ್ ಆ ಪಾಠವನ್ನು ಒಮ್ಮೆ ಕಲಿಸಿದೆ. ಹಂಚು, ಕಾಫಿ, ಗೋಡಂಬಿ ಟನ್ನಿನ ಲೆಕ್ಕದಲ್ಲಿ ತೈಲದ ಸಮಕ್ಕೆ ಎಂದೂ ಬರಲಾರವು. ಆದರೆ ಊರಿನ ಹೆಸರನ್ನು ಹೊತ್ತುಕೊಂಡು ಪರದೇಶಕ್ಕೆ ಹೋದದ್ದು ಹಂಚು. ಕಚ್ಚಾತೈಲಕ್ಕೆ ಮಂಗಳೂರಿನ ಹೆಸರಿಲ್ಲ.